ಪೋರ್ಟಬಲ್ ಸೌರ ಪವರ್ ಸ್ಟೇಷನ್

ಪೋರ್ಟಬಲ್ ಸೌರ ಪವರ್ ಸ್ಟೇಷನ್ ಎಂಬುದು ಬ್ಯಾಟರಿ, ಇನ್ವರ್ಟರ್ ಮತ್ತು ಚಾರ್ಜ್ ನಿಯಂತ್ರಕಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಳವಡಿಸಿ, ಸುಲಭವಾಗಿ ಸಾಗಿಸಲು ಬರುವಂತೆ ರೂಪಿಸಿದ ವಿದ್ಯುತ್ ಸಂಗ್ರಹ ಸಾಧನ. ಇದನ್ನು ಸೌರ ಫಲಕ, ಮನೆಯ ವಿದ್ಯುತ್ ಸಂಪರ್ಕ ಅಥವಾ ಕಾರಿನ 12 ವೋಲ್ಟ್ ಸಾಕೆಟ್‌ನಿಂದ ಚಾರ್ಜ್ ಮಾಡಬಹುದು. ಶಿಬಿರವಾಸ, ಹೊರಾಂಗಣ ಕೆಲಸ ಮತ್ತು ವಿದ್ಯುತ್ ವ್ಯತ್ಯಯದ ಸಂದರ್ಭಗಳಲ್ಲಿ ಇದು ಬಳಕೆಯಲ್ಲಿದೆ. ಮಾರುಕಟ್ಟೆಯಲ್ಲಿ ಇದನ್ನು ‘ಸೋಲಾರ್ ಜನರೇಟರ್’ ಎಂದೂ ಕರೆಯುತ್ತಾರೆ; ಆದರೆ ಪೆಟ್ಟಿಗೆಯು ವಿದ್ಯುತ್ತನ್ನು ಶೇಖರಿಸುತ್ತದೆಯೇ ಹೊರತು ಉತ್ಪಾದಿಸುವುದಿಲ್ಲ. ಉತ್ಪಾದನೆ ನಡೆಯುವುದು ಫಲಕದಲ್ಲಿ.

ವ್ಯಾಟ್ ಮತ್ತು ವ್ಯಾಟ್-ಗಂಟೆ

ಸಾಧನದ ಮೇಲೆ ಎರಡು ಮುಖ್ಯ ಸಂಖ್ಯೆಗಳಿರುತ್ತವೆ. ವ್ಯಾಟ್ ಎಂಬುದು ಒಮ್ಮೆಗೆ ಎಷ್ಟು ಹೊರೆಯನ್ನು ಹೊರಬಲ್ಲದು ಎಂಬುದನ್ನೂ, ವ್ಯಾಟ್-ಗಂಟೆ ಎಂಬುದು ಒಟ್ಟು ಎಷ್ಟು ಶಕ್ತಿ ಸಂಗ್ರಹವಾಗಿದೆ ಎಂಬುದನ್ನೂ ಸೂಚಿಸುತ್ತವೆ. ನೀರಿನ ತೊಟ್ಟಿಗೆ ಹೋಲಿಸಿದರೆ ಮೊದಲನೆಯದು ನಲ್ಲಿಯ ಗಾತ್ರ, ಎರಡನೆಯದು ತೊಟ್ಟಿಯ ಗಾತ್ರ. ವಿದ್ಯುತ್ ಬಿಲ್ಲಿನ ಒಂದು ಯೂನಿಟ್ 1000 ವ್ಯಾಟ್-ಗಂಟೆಗೆ ಸಮ.

ಸಂಗ್ರಹವಾದ ಶಕ್ತಿಯೆಲ್ಲವೂ ಬಳಕೆಗೆ ದೊರೆಯುವುದಿಲ್ಲ. ಇನ್ವರ್ಟರ್ ತಾನೇ ಒಂದಿಷ್ಟು ಶಕ್ತಿಯನ್ನು ಶಾಖವಾಗಿ ಕಳೆಯುವುದರಿಂದ, 500 ವ್ಯಾಟ್-ಗಂಟೆಯ ಸಾಧನದಿಂದ ಸಾಮಾನ್ಯವಾಗಿ ಸುಮಾರು 425 ವ್ಯಾಟ್-ಗಂಟೆಯನ್ನು ನಿರೀಕ್ಷಿಸುವುದು ಸೂಕ್ತ.

ಅಗತ್ಯದ ಲೆಕ್ಕ

ಪ್ರತಿಯೊಂದು ಉಪಕರಣದ ವ್ಯಾಟ್ ಪ್ರಮಾಣವನ್ನು ಅದು ನಡೆಯಬೇಕಾದ ಗಂಟೆಗಳಿಂದ ಗುಣಿಸಿ, ಬಂದ ಮೊತ್ತಗಳನ್ನು ಕೂಡಬೇಕು. ಒಂದು ಮನೆಯ ಒಂದು ರಾತ್ರಿಯ ಕನಿಷ್ಠ ಅಗತ್ಯ ಹೀಗಿರಬಹುದು:

• 9 ವ್ಯಾಟ್‌ನ ಎರಡು ಎಲ್‌ಇಡಿ ಬಲ್ಬು, 5 ಗಂಟೆ: 90 ವ್ಯಾಟ್-ಗಂಟೆ
• 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು, 8 ಗಂಟೆ: 240 ವ್ಯಾಟ್-ಗಂಟೆ
• 10 ವ್ಯಾಟ್‌ನ ವೈ-ಫೈ ರೂಟರ್, 5 ಗಂಟೆ: 50 ವ್ಯಾಟ್-ಗಂಟೆ
• ಎರಡು ಮೊಬೈಲ್ ಫೋನುಗಳ ಚಾರ್ಜ್: 30 ವ್ಯಾಟ್-ಗಂಟೆ

ಒಟ್ಟು 410 ವ್ಯಾಟ್-ಗಂಟೆ. 500ರ ಸಾಧನ ಇದಕ್ಕೆ ಸಾಕು. ಫ್ಯಾನು 75 ವ್ಯಾಟ್‌ನ ಹಳೆಯ ಮಾದರಿಯದಾದರೆ ಮೊತ್ತ 770ಕ್ಕೆ ಏರುತ್ತದೆ ಮತ್ತು ಸುಮಾರು 1000 ವ್ಯಾಟ್-ಗಂಟೆಯ ಸಾಧನ ಬೇಕಾಗುತ್ತದೆ. ಆದ್ದರಿಂದ ದೊಡ್ಡ ಸಾಧನ ಕೊಳ್ಳುವ ಮೊದಲು ಉಪಕರಣವನ್ನು ಬದಲಿಸುವುದು ಕೆಲವೊಮ್ಮೆ ಅಗ್ಗವಾಗುತ್ತದೆ.

ರೆಫ್ರಿಜರೇಟರ್ ಮತ್ತು ನೀರಿನ ಪಂಪಿನಂತಹ ಮೋಟಾರುಳ್ಳ ಉಪಕರಣಗಳು ಚಾಲನೆಗೊಳ್ಳುವ ಕ್ಷಣದಲ್ಲಿ ತಮ್ಮ ಸಾಮಾನ್ಯ ಬಳಕೆಯ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುತ್ತವೆ. ಇನ್ವರ್ಟರಿನ ಕ್ಷಣಿಕ ಗರಿಷ್ಠ ಸಾಮರ್ಥ್ಯ ಅದಕ್ಕಿಂತ ಹೆಚ್ಚಿರಬೇಕು. ಗೀಸರ್, ಇಸ್ತ್ರಿಪೆಟ್ಟಿಗೆ ಮತ್ತು ಇಂಡಕ್ಷನ್ ಒಲೆಗಳಿಗೆ ಸಣ್ಣ ಸಾಧನಗಳು ತಕ್ಕುವಲ್ಲ.

ಬ್ಯಾಟರಿಯ ವಿಧಗಳು

ಎರಡು ಬಗೆಯ ಲಿಥಿಯಂ ಬ್ಯಾಟರಿಗಳು ಪ್ರಚಲಿತವಾಗಿವೆ. ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯದು ಹಗುರ. ಆದರೆ ಸಾಮಾನ್ಯವಾಗಿ 500ರಿಂದ 1000 ಬಾರಿ ಚಾರ್ಜ್ ಆದ ಮೇಲೆ ಅದರ ಸಾಮರ್ಥ್ಯ ಗಣನೀಯವಾಗಿ ಕುಗ್ಗುತ್ತದೆ. ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬಗೆಯದು ತೂಕದಲ್ಲಿ ಹೆಚ್ಚು. ಆದರೆ 2000ಕ್ಕೂ ಹೆಚ್ಚು ಬಾರಿ ಚಾರ್ಜ್ ಮಾಡಬಹುದು ಹಾಗೂ ಅತಿ ಶಾಖಕ್ಕೆ ಹೊತ್ತಿಕೊಳ್ಳುವ ಸಂಭವ ಕಡಿಮೆ. ಈ ಎರಡನೆಯ ವಸ್ತುವಿನ ಉಪಯುಕ್ತತೆಯನ್ನು ಪಾಧಿ, ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್ ಅವರು 1997ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದರು. ಲಿಥಿಯಂ-ಅಯಾನ್ ಬ್ಯಾಟರಿಯ ಅಭಿವೃದ್ಧಿಗಾಗಿ ಗುಡ್‌ಇನಫ್ ಅವರು 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಇತರ ಇಬ್ಬರೊಂದಿಗೆ ಹಂಚಿಕೊಂಡರು.

ಮನೆಯೊಳಗೆ ದೀರ್ಘಕಾಲ ಇರಿಸಿ ಬಳಸಲು ಫಾಸ್ಫೇಟ್ ಬಗೆಯದು ಹೆಚ್ಚು ಸೂಕ್ತ.

ಸೌರ ಫಲಕ ಮತ್ತು ಮಳೆಗಾಲ

ಫಲಕದ ಮೇಲೆ ನಮೂದಿಸಿದ ವ್ಯಾಟ್ ಪ್ರಮಾಣವು ಪ್ರಯೋಗಾಲಯದಲ್ಲಿ, ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು ಮತ್ತು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆದದ್ದು. ಬಿಸಿಲಿನಲ್ಲಿ ಫಲಕ ಕಾದಷ್ಟೂ ಉತ್ಪಾದನೆ ತಗ್ಗುವುದರಿಂದ 100 ವ್ಯಾಟ್‌ನ ಫಲಕ ಸ್ವಚ್ಛ ಬಿಸಿಲಿನಲ್ಲಿಯೂ ಸುಮಾರು 70 ವ್ಯಾಟ್ ಮಾತ್ರ ನೀಡುವುದು ಸಾಮಾನ್ಯ. ದಿನಕ್ಕೆ ಐದು ಗಂಟೆಗಳ ಪೂರ್ಣ ಬಿಸಿಲೆಂದು ಎಣಿಸಿದರೆ 350 ವ್ಯಾಟ್-ಗಂಟೆ ದೊರೆಯುತ್ತದೆ. 500ರ ಸಾಧನವನ್ನು ಒಂದೇ ದಿನದಲ್ಲಿ ತುಂಬಲು 200 ವ್ಯಾಟ್‌ನ ಫಲಕ ಬೇಕು. ಫಲಕದ ಒಂದು ಮೂಲೆಗೆ ಮರದ ನೆರಳು ಬಿದ್ದರೂ ಉತ್ಪಾದನೆ ತೀವ್ರವಾಗಿ ಇಳಿಯಬಹುದು.

ಮಲೆನಾಡು ಮತ್ತು ಕರಾವಳಿಯಲ್ಲಿ ಗಾಳಿಮಳೆಗೆ ಮರಗಳು ತಂತಿಯ ಮೇಲೆ ಉರುಳಿ ವಿದ್ಯುತ್ ಕಡಿತವಾಗುವ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳೇ ಬಿಸಿಲು ಅತಿ ಕಡಿಮೆ ಇರುವ ಕಾಲ. ಆ ದಿನಗಳಿಗೆ ಫಲಕವನ್ನು ನೆಚ್ಚುವುದಕ್ಕಿಂತ ದೊಡ್ಡ ಬ್ಯಾಟರಿಯನ್ನು ಆರಿಸಿ, ಕರೆಂಟು ಇರುವಾಗಲೇ ತುಂಬಿಸಿಡುವುದು ವಿವೇಕ. ಬೇಸಿಗೆಯ ಶಿಬಿರಗಳಲ್ಲಿ ಸ್ಥಿತಿ ಇದಕ್ಕೆ ವಿರುದ್ಧ: ಅಲ್ಲಿ ಸಣ್ಣ ಬ್ಯಾಟರಿ ಮತ್ತು ಉತ್ತಮ ಫಲಕ ಸಾಕಾಗಬಹುದು. ನಡೆದೇ ಸಾಗುವ ಚಾರಣಕ್ಕೆ ಹಲವು ಕಿಲೋಗ್ರಾಂ ತೂಗುವ ಸಾಧನಕ್ಕಿಂತ ಪವರ್ ಬ್ಯಾಂಕ್ ಅನುಕೂಲ.

ವೈದ್ಯಕೀಯ ಅಗತ್ಯ

ನಿಮಿಷಕ್ಕೆ ಐದು ಲೀಟರ್ ಸಾಮರ್ಥ್ಯದ ಆಮ್ಲಜನಕ ಸಾಂದ್ರಕ ಸುಮಾರು 350 ವ್ಯಾಟ್ ಬಳಸುತ್ತದೆ. 500 ವ್ಯಾಟ್-ಗಂಟೆಯ ಸಾಧನ ಅದನ್ನು ಒಂದೂಕಾಲು ಗಂಟೆಯಷ್ಟೇ ನಡೆಸಬಲ್ಲದು. ಇಂತಹ ರೋಗಿಗಳಿರುವ ಮನೆಯಲ್ಲಿ ಪವರ್ ಸ್ಟೇಷನ್ ಒಂದನ್ನೇ ಆಧರಿಸದೆ ಆಮ್ಲಜನಕದ ಸಿಲಿಂಡರನ್ನೂ ಸಿದ್ಧವಿಡಬೇಕು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

• ಭಾರತದ ಉಪಕರಣಗಳಿಗೆ 230 ವೋಲ್ಟ್, 50 ಹರ್ಟ್ಜ್ ವಿದ್ಯುತ್ ಬೇಕು. ಅಮೆರಿಕದ ಮಾದರಿಗಳು 120 ವೋಲ್ಟ್, 60 ಹರ್ಟ್ಜ್ ನೀಡುತ್ತವೆ. ವಿದೇಶದ ಬಂಧುಗಳ ಮೂಲಕ ತರಿಸುವುದೂ ಕಷ್ಟ: 160 ವ್ಯಾಟ್-ಗಂಟೆ ಮೀರಿದ ಲಿಥಿಯಂ ಬ್ಯಾಟರಿಗಳನ್ನು ಪ್ರಯಾಣಿಕರು ವಿಮಾನದ ಸಾಮಾನಿನಲ್ಲಿ ಒಯ್ಯುವಂತಿಲ್ಲ.
• ಇನ್ವರ್ಟರ್ ‘ಪ್ಯೂರ್ ಸೈನ್ ವೇವ್’ ಬಗೆಯದಾಗಿರಬೇಕು.
• ಫಲಕಗಳನ್ನು ಸರಣಿಯಲ್ಲಿ ಜೋಡಿಸಿದಾಗ ವೋಲ್ಟೇಜ್ ಕೂಡುತ್ತದೆ. ಅದು ಸಾಧನದ ಮಿತಿಯನ್ನು ಮೀರಿದರೆ ಚಾರ್ಜ್ ನಿಯಂತ್ರಕ ಸುಟ್ಟುಹೋಗಬಹುದು.

ಸುರಕ್ಷತೆ ಮತ್ತು ನಿರ್ವಹಣೆ

ಪವರ್ ಸ್ಟೇಷನ್ನನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸಿ ಇಡೀ ಮನೆಗೆ ವಿದ್ಯುತ್ ಹರಿಸಲು ಎಂದಿಗೂ ಯತ್ನಿಸಬಾರದು. ಹಾಗೆ ಹರಿದ ವಿದ್ಯುತ್ ಹೊರಗಿನ ತಂತಿಗೆ ಮರಳಿ, ದುರಸ್ತಿಗಾಗಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣಕ್ಕೆ ಎರವಾಗಬಹುದು. ಪೆಟ್ರೋಲ್ ಜನರೇಟರಿನಂತೆ ಇದು ವಿಷಾನಿಲ ಹೊರಸೂಸದ ಕಾರಣ ಮನೆಯೊಳಗೆ ಇಡಬಹುದು. ಆದರೆ ಗಾಳಿಯಾಡುವ ಒಣ ಜಾಗವಿರಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡುವುದು ಅಪಾಯಕರ.

ಬಹುಕಾಲ ಬಳಸದಿದ್ದಾಗ ಸುಮಾರು ಅರ್ಧ ಚಾರ್ಜಿನಲ್ಲಿಟ್ಟು ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಮಳೆಗಾಲಕ್ಕೆ ಮುನ್ನ ಪೂರ್ತಿ ತುಂಬಿಸಬೇಕು. ಊದಿಕೊಂಡ ಅಥವಾ ಆಯಸ್ಸು ತೀರಿದ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಎಸೆಯಬಾರದು. ಭಾರತದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022, ಇಂತಹ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.