ಇರುಳಿನ ಸರದಿ: ಹವ್ಯಾಸಿ ಖಗೋಳ ಛಾಯಾಗ್ರಹಣದಲ್ಲಿ ಗುರಿಯ ಆಯ್ಕೆ ಮತ್ತು ಸ್ವಯಂಚಾಲನೆ

ಯಾವುದೇ ಜ್ಞಾನಪದ್ಧತಿಯ ಚರಿತ್ರೆಯನ್ನು ಬರೆಯುವಾಗ ಅದರ ಉಪಕರಣಗಳ ವಿಕಾಸದಷ್ಟೇ ಅವುಗಳನ್ನು ಬಳಸಿದವರ ವಿವೇಚನೆಯ ವಿಕಾಸವೂ ಮುಖ್ಯವಾಗುತ್ತದೆ. ಹವ್ಯಾಸಿ ಖಗೋಳ ಛಾಯಾಗ್ರಹಣದ ಚರಿತ್ರೆಯಲ್ಲಿ ದೂರದರ್ಶಕ ಮತ್ತು ಕ್ಯಾಮೆರಾಗಳ ಕಥೆ ಸಾಕಷ್ಟು ದಾಖಲಾಗಿದೆ. ಆದರೆ ‘ಈ ರಾತ್ರಿ ಯಾವ ಕಾಯವನ್ನು, ಯಾವ ಹೊತ್ತಿನಲ್ಲಿ, ಎಷ್ಟು ಕಾಲ ಚಿತ್ರಿಸಬೇಕು’ ಎಂಬ ನಿರ್ಣಯದ ಕಥೆಗೆ ದೊರೆತ ಗಮನ ಕಡಿಮೆ. ಆ ನಿರ್ಣಯವು ಮನುಷ್ಯನಿಂದ ಗಣಕಯಂತ್ರಕ್ಕೆ ಸಾಗಿದ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಆಕಾಶದ ಸರದಿಯನ್ನು ಲೆಕ್ಕವಾಗಿ ಹಿಡಿಯುವ ಕ್ರಮ ಜಾನಪದ ಅಧ್ಯಯನಕಾರರಿಗೆ ಅಪರಿಚಿತವಲ್ಲ. ಕರ್ನಾಟಕದ ರೈತರ ಮಳೆನಕ್ಷತ್ರಗಳ ಗಣನೆ ಇದಕ್ಕೆ ನಿದರ್ಶನ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುವ ಅವಧಿಗೆ ಆ ನಕ್ಷತ್ರದ ಹೆಸರಿನ ಮಳೆ ಸಲ್ಲುತ್ತದೆ. ಜೂನ್ ಕೊನೆಯ ಭಾಗದಲ್ಲಿ ಆರಿದ್ರಾ ಮಳೆ ಹೂಡುವಾಗ ಆರಿದ್ರಾ ನಕ್ಷತ್ರವು ಸೂರ್ಯನ ಸಮೀಪದಲ್ಲಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ ನಕ್ಷತ್ರವನ್ನು ಲೆಕ್ಕದಿಂದ ಅರಿತು ಕೆಲಸದ ಹೊತ್ತನ್ನು ಗೊತ್ತುಪಡಿಸುವುದು ಯಂತ್ರದೊಡನೆ ಹುಟ್ಟಿದ್ದಲ್ಲ ಎಂಬುದು ಗಮನಾರ್ಹ. ಇವೆರಡರ ನಡುವೆ ನೇರ ಸಂಬಂಧವಿದೆಯೆಂದು ಇಲ್ಲಿ ವಾದಿಸುತ್ತಿಲ್ಲ. ಎರಡೂ ಎದುರಿಸಿದ ಸಮಸ್ಯೆ ಒಂದೇ ಜಾತಿಯದು ಎಂಬುದಷ್ಟೇ ಅಭಿಪ್ರಾಯ.

1850ರ ಜುಲೈನಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಲಿಯಂ ಬಾಂಡ್ ಮತ್ತು ಜಾನ್ ವಿಪಲ್ ಅಭಿಜಿತ್ ನಕ್ಷತ್ರದ ಚಿತ್ರ ತೆಗೆದರು. ವೃತ್ತಿಯಿಂದ ಖಗೋಳಜ್ಞನಲ್ಲದ ವೈದ್ಯ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು 51 ನಿಮಿಷ ಬೆಳಕು ತುಂಬಿಸಿ ಮಹಾವ್ಯಾಧ ನೀಹಾರಿಕೆಯನ್ನು ಚಿತ್ರಿಸಿದ; 1882ರಲ್ಲಿ ಅದೇ ನೀಹಾರಿಕೆಗೆ 137 ನಿಮಿಷ ವ್ಯಯಿಸಿದ. 1883ರಲ್ಲಿ ಇಂಗ್ಲೆಂಡಿನ ಹವ್ಯಾಸಿ ಆಂಡ್ರೂ ಕಾಮನ್ ತೆಗೆದ ಚಿತ್ರದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದ್ದವು. ಒಂದು ಫಲಕಕ್ಕೆ ಇಷ್ಟು ಹೊತ್ತು ಹಿಡಿಯುತ್ತಿದ್ದ ಕಾಲದಲ್ಲಿ ಗುರಿಯ ಆಯ್ಕೆ ತಪ್ಪಿದರೆ ಇಡೀ ರಾತ್ರಿಯೇ ವ್ಯರ್ಥ. ಆ ಆಯ್ಕೆಯ ಸೂತ್ರಗಳು ವೀಕ್ಷಕನ ಅನುಭವದಲ್ಲಿ, ಅವನ ಟಿಪ್ಪಣಿ ಪುಸ್ತಕದಲ್ಲಿ ಉಳಿದಿದ್ದವು.

ಈ ಸೂತ್ರಗಳ ತಳಹದಿ ಸರಳ. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮೊದಲು, ಅಂದರೆ ತಿಂಗಳಿಗೆ ಸುಮಾರು ಎರಡು ಗಂಟೆ ಮೊದಲು ಮೂಡುತ್ತವೆ. ಸೂರ್ಯನು ದಿಗಂತಕ್ಕಿಂತ 18 ಡಿಗ್ರಿ ಕೆಳಗಿಳಿಯುವವರೆಗೆ ಪೂರ್ಣ ಕತ್ತಲಾಗುವುದಿಲ್ಲ. ದಿಗಂತದ ಸಮೀಪದ ಕಾಯದ ಬೆಳಕು ದಟ್ಟವಾದ ಗಾಳಿಯ ಪದರವನ್ನು ಹಾಯ್ದು ಬರಬೇಕು. ಬೆಂಗಳೂರಿನ ಅಕ್ಷಾಂಶದಲ್ಲಿ ಮಹಾವ್ಯಾಧ ನೀಹಾರಿಕೆಯು 30 ಡಿಗ್ರಿಗಿಂತ ಮೇಲಿರುವುದು ದಿನಕ್ಕೆ ಸುಮಾರು ಏಳೂವರೆ ಗಂಟೆ ಮಾತ್ರ. ಆ ಅವಧಿಯೂ ಕತ್ತಲೆಗೆ ಹೊಂದಬೇಕು. ಬೆಳದಿಂಗಳಿದ್ದರೆ ಮಸುಕಾದ ಕಾಯಗಳು ಮರೆಯಾಗುತ್ತವೆ. ಜಲಜನಕದ 656 ನ್ಯಾನೋಮೀಟರ್ ಬೆಳಕನ್ನಷ್ಟೇ ಬಿಡುವ ಸೋಸುಕವನ್ನು ಬಳಸಿದರೆ ಈ ಬಾಧೆ ತಗ್ಗುತ್ತದೆ.

ಈ ವಿವೇಚನೆಯನ್ನು ಯಂತ್ರಕ್ಕೆ ಒಪ್ಪಿಸುವ ಕೆಲಸದಲ್ಲಿ ಹವ್ಯಾಸಿಗಳ ಪಾತ್ರ ದೊಡ್ಡದು. ರಸೆಲ್ ಜೆನೆಟ್ 1979ರಲ್ಲಿ ಓಹಾಯೊ ರಾಜ್ಯದಲ್ಲಿ ಫೇರ್‌ಬಾರ್ನ್ ವೀಕ್ಷಣಾಲಯವನ್ನು ಸ್ಥಾಪಿಸಿದ. ಅವನ ಸಹವರ್ತಿ ಲೂಯಿಸ್ ಬಾಯ್ಡ್ ಫೀನಿಕ್ಸ್ ನಗರದ ತನ್ನ ಮನೆಯ ಹಿತ್ತಿಲಲ್ಲಿ ನಿಲ್ಲಿಸಿದ ದೂರದರ್ಶಕವು 1983ರಿಂದ ಸ್ವಯಂಚಾಲಿತವಾಗಿ ನಕ್ಷತ್ರಗಳ ಪ್ರಕಾಶವನ್ನು ಅಳೆಯತೊಡಗಿತು. ಅದರ ಕೆಲಸ ಅಳತೆಯೇ ಹೊರತು ಛಾಯಾಗ್ರಹಣವಲ್ಲ. ಆದರೂ ಮುಂದೆ ಇಂತಹ ದೂರದರ್ಶಕಗಳಿಗಾಗಿ ರೂಪುಗೊಂಡ ‘ಏಟಿಸ್’ ಆದೇಶಭಾಷೆಯಲ್ಲಿ ವೀಕ್ಷಕನ ಅಲಿಖಿತ ಜಾಣ್ಮೆ ಕೆಲವೇ ನಿಯಮಗಳಾಗಿ ಬರಹಕ್ಕಿಳಿಯಿತು: ಹೆಚ್ಚಿನ ಆದ್ಯತೆಯುಳ್ಳದ್ದು ಮೊದಲು; ಆದ್ಯತೆ ಸಮನಿದ್ದಲ್ಲಿ ಬಾಕಿ ಉಳಿದ ವೀಕ್ಷಣೆಗಳ ಸಂಖ್ಯೆಯನ್ನು ನೋಡುವುದು; ಅದೂ ಸಮನಿದ್ದಲ್ಲಿ ಯಾವುದರ ಅವಕಾಶ ಬೇಗ ಮುಗಿಯುವುದೋ ಅದು.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸಿಸಿಡಿ ಸಂವೇದಕವು ಹವ್ಯಾಸಿಗಳ ಕೈ ಸೇರಿದ ಮೇಲೆ ಛಾಯಾಗ್ರಹಣದಲ್ಲಿಯೂ ಇದು ಸಾಧ್ಯವಾಯಿತು. 1998ರಲ್ಲಿ ಆರಂಭಗೊಂಡ ‘ಆಸ್ಕಾಮ್’ ವ್ಯವಸ್ಥೆಯು ಬೇರೆಬೇರೆ ತಯಾರಕರ ಉಪಕರಣಗಳಿಗೆ ಸಮಾನ ಸಂವಹನಕ್ರಮವನ್ನು ಒದಗಿಸಿತು. ಈಗ ಬಳಕೆಯಲ್ಲಿರುವ ‘ನೀನಾ’ ಎಂಬ ಮುಕ್ತ ತಂತ್ರಾಂಶದ ‘ಟಾರ್ಗೆಟ್ ಶೆಡ್ಯೂಲರ್’ ಅಂಗವು ಕಾಯದ ಎತ್ತರ, ಕತ್ತಲೆ ಮತ್ತು ಚಂದ್ರನಿಂದಿರುವ ಅಂತರವನ್ನು ಪರಿಶೀಲಿಸಿ, ಉಳಿದ ಗುರಿಗಳಿಗೆ ಅಂಕ ನೀಡಿ, ಹೆಚ್ಚು ಅಂಕ ಪಡೆದುದನ್ನು ಆರಿಸುತ್ತದೆ. ದೋಷವುಳ್ಳ ಚಿತ್ರವನ್ನು ಲೆಕ್ಕದಿಂದ ಕೈಬಿಟ್ಟು, ಆ ಗುರಿಯನ್ನು ಬಾಕಿಯೆಂದೇ ಇರಿಸಿಕೊಳ್ಳಬಲ್ಲದು. ಹೀಗೆ ಒಂದು ಚಿತ್ರದ ಕೆಲಸ ಹಲವು ರಾತ್ರಿಗಳಿಗೆ ಹರಡಿದರೂ ವೀಕ್ಷಕನು ನಿದ್ದೆಗೆಡಬೇಕಾಗಿಲ್ಲ.

ಇದರಿಂದಾದ ಲಾಭ ನಿರ್ವಿವಾದ. ಹಗಲೆಲ್ಲ ದುಡಿಯುವವನಿಗೆ ರಾತ್ರಿಯ ಆಕಾಶ ಎಟುಕುವಂತಾಯಿತು. ಆದರೆ ಅಂಕಗಳ ತೂಕವನ್ನು ನಿಗದಿಪಡಿಸುವವನು ಇಂದಿಗೂ ಮನುಷ್ಯನೇ. ಮುಳುಗುತ್ತಿರುವ ಕಾಯಕ್ಕೆ ಹೆಚ್ಚು ಬೆಲೆಯೋ, ಅರ್ಧಕ್ಕೆ ನಿಂತ ಚಿತ್ರಕ್ಕೆ ಹೆಚ್ಚು ಬೆಲೆಯೋ ಎಂಬುದು ಅಭಿರುಚಿಯ ಪ್ರಶ್ನೆ. ಯಂತ್ರವು ಅದನ್ನು ಪಾಲಿಸುತ್ತದೆಯೇ ಹೊರತು ಅದರ ಕಾರಣವನ್ನು ಬರೆದಿಡುವುದಿಲ್ಲ. ಮಳೆನಕ್ಷತ್ರಗಳ ವಿಷಯದಲ್ಲಿ ನಾವು ಗಾದೆಗಳನ್ನು ಸಂಗ್ರಹಿಸಿದೆವು. ಒಂದು ಊರಿನ ರೈತ ಮಳೆ ಬಂದರೂ ಬಿತ್ತದೆ ಕಾದದ್ದೇಕೆ ಎಂಬುದನ್ನು ಕೇಳಿ ದಾಖಲಿಸಿದ್ದು ಕಡಿಮೆ. ಹೇಳಬಲ್ಲವರು ಒಬ್ಬೊಬ್ಬರಾಗಿ ಇಲ್ಲವಾದ ಮೇಲೆ ಆ ಕೊರತೆಯನ್ನು ತುಂಬಲಾಗುತ್ತಿಲ್ಲ.

ಅದೇ ಲೋಪ ಇಲ್ಲಿಯೂ ಮರುಕಳಿಸುವ ಸಂಭವವಿದೆ. ಹವ್ಯಾಸಿಗಳು ಅಂತಿಮ ಚಿತ್ರವನ್ನು ಕಾಪಾಡುತ್ತಾರೆ. ಸರದಿಯ ದತ್ತಾಂಶ, ಆದ್ಯತೆಗಳ ಪಟ್ಟಿ, ತಿರಸ್ಕೃತ ಚಿತ್ರಗಳ ವಿವರ ಇವು ಗಣಕಯಂತ್ರ ಬದಲಾದಾಗ ಅಳಿದುಹೋಗಬಹುದು. ಡ್ರೇಪರನ 51 ನಿಮಿಷಗಳು ನಮಗೆ ತಿಳಿದಿರುವುದು ಅವು ಚಿತ್ರದೊಡನೆ ದಾಖಲಾದುದರಿಂದ. ಆದ್ದರಿಂದ ಇಂತಹ ಚಿತ್ರಗಳನ್ನು ಸಂಗ್ರಹಿಸುವ ಗ್ರಂಥಾಲಯಗಳು ಅವುಗಳ ಸರದಿಯ ದಾಖಲೆಯನ್ನೂ ಜೊತೆಗೆ ಕೇಳಿ ಪಡೆಯುವುದು ಅಗತ್ಯ. ಆ ನಿಯಮಗಳನ್ನು ರೂಪಿಸಿದವರು ನಮ್ಮ ನಡುವೆ ಇರುವಾಗಲೇ ಅವರ ಮಾತುಗಳನ್ನು ದಾಖಲಿಸುವ ಕಾರ್ಯವು ಜಾನಪದ ಸಂಶೋಧಕರಿಗೂ ಸೇರಿದುದಾಗಿದೆ.