ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೇಲಧಿಕಾರದ ಕಾಠಿನ್ಯ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ದುಡಿಮೆಗಾರ್ತಿಯರನ್ನು ಕುರಿತ ಒಂದು ವಿಚಾರ

ದುಡಿಮೆಯ ಸ್ಥಳದಲ್ಲಿ ಮೇಲಧಿಕಾರಿಯಾದವನು ತನ್ನ ಕೈಕೆಳಗಿನವರನ್ನು ನಡೆಸಿಕೊಳ್ಳುವ ರೀತಿಯನ್ನು ಕುರಿತು ಈಚಿನ ದಶಕಗಳಲ್ಲಿ ಬಂದಿರುವ ಬರವಣಿಗೆ ವಿಪುಲವಾದುದೇ ಆದರೂ, ಅದರ ಬಹುಭಾಗ ಕಾಠಿನ್ಯವನ್ನು ವ್ಯಕ್ತಿಯ ಸ್ವಭಾವದೋಷವೆಂದೇ ಗ್ರಹಿಸಿ, ಅಂಥ ಸ್ವಭಾವವನ್ನು ಸೈರಿಸುವ ಉಪಾಯಗಳನ್ನು ಉಪದೇಶಿಸುವುದರಲ್ಲಿಯೇ ತೃಪ್ತಿ ತಾಳಿದೆ. ಅಮೆರಿಕದ ವಿದ್ವಾಂಸ ಬೆನೆಟ್ ಟೆಪ್ಪರ್ 2000ನೆಯ ಇಸವಿಯಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರಕ್ಕೆ ಒಂದು ಮಾನದಂಡವನ್ನು ಒದಗಿಸಿತು: ದೇಹದ ಮೇಲಿನ ಹಲ್ಲೆಯನ್ನು ಹೊರತುಪಡಿಸಿ, ಮಾತಿನಿಂದಲೂ ಚರ್ಯೆಯಿಂದಲೂ ಮೇಲಧಿಕಾರಿ ನಿರಂತರವಾಗಿ ತೋರುವ ಹಗೆತನವನ್ನು, ಅದನ್ನು ಉಣ್ಣುವವರ ಗ್ರಹಿಕೆಯ ಮೂಲಕವೇ ಅಳೆಯಬೇಕೆಂದು ಅವರು ಸೂಚಿಸಿದರು, ಬೇರೊಂದು ಕೆಲಸಕ್ಕೆ ಹೋಗುವ ದಾರಿ ಯಾರಿಗೆ ಕಿರಿದಾಗಿದೆಯೋ ಅವರಲ್ಲಿ ಆ ನೋವು ಹೆಚ್ಚು ತೀವ್ರವೆಂಬುದನ್ನೂ ಅವರು ಕಂಡುಕೊಂಡರು. ಈ ಎರಡನೆಯ ಅಂಶಕ್ಕೆ ವಿದ್ವತ್ಪ್ರಪಂಚದಲ್ಲಿ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲವೆಂದು ನನ್ನ ಅಭಿಪ್ರಾಯ.

ಫ್ಯಾಷನ್ ಉದ್ಯಮವೆಂದೊಡನೆ ಮಹಾನಗರಗಳ ವಿನ್ಯಾಸಕಾರರೂ ಪತ್ರಿಕಾ ಸಂಪಾದಕರೂ ಕಣ್ಣಮುಂದೆ ಬರುವುದು ವಾಡಿಕೆಯಾದರೂ, ಆ ಉದ್ಯಮವನ್ನು ಹೊತ್ತವರು ಹೊಲಿಗೆಯ ಯಂತ್ರದ ಮುಂದೆ ಕುಳಿತವರು. ಕರ್ನಾಟಕದಲ್ಲಿ ಅಂಥವರು ಸುಮಾರು 4 ಲಕ್ಷ ಮಂದಿ, ಬಹುತೇಕ ಹೆಂಗಸರು. ಅವರು ಎದುರಿಸುವ ಕಾಠಿನ್ಯ ಒಬ್ಬ ಸೂಪರ್‌ವೈಸರನ ಕೋಪದಿಂದ ಹುಟ್ಟಿದುದಲ್ಲವೆಂದೂ, ದೂರದೇಶದ ಕೊಳ್ಳುಗರಿಂದ ಹೊರಟು ಹಲವು ಅಂತಸ್ತುಗಳನ್ನು ಇಳಿದು ಬರುವ ಒತ್ತಡವು ಕೊನೆಯ ಅಂತಸ್ತಿನಲ್ಲಿ ಬೈಗುಳದ ರೂಪ ತಾಳುತ್ತದೆಂದೂ, ಆದುದರಿಂದ ಯಾವುದೊಂದು ನಿಭಾವಣೆಯ ಕ್ರಮವಾದರೂ ಆ ಅಂತಸ್ತುಗಳಲ್ಲಿ ಎಷ್ಟು ಮೇಲಕ್ಕೆ ಮುಟ್ಟಬಲ್ಲುದೆಂಬುದರಿಂದಲೇ ಅದರ ಬೆಲೆಯನ್ನು ನಿರ್ಣಯಿಸತಕ್ಕದ್ದೆಂದೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ಆರಿಸಿಕೊಂಡ ಸೀಮೆ ಚಿಕ್ಕಮಗಳೂರು ಜಿಲ್ಲೆಯ ಬಯಲು ಪಾರ್ಶ್ವ. ಮಲೆನಾಡಿನ ಮಳೆ ತಡೆದು ನಿಲ್ಲುವ ಬೆಟ್ಟಗಳ ಮರೆಯಲ್ಲಿರುವ ಕಡೂರು ರಾಗಿ, ತೆಂಗುಗಳ ನಾಡು, ಪದೇ ಪದೇ ಬರಕ್ಕೆ ತುತ್ತಾಗುವ ನಾಡು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟನ್ನು ತನ್ನ ಎಲ್ಲೆಯಲ್ಲಿರಿಸಿಕೊಂಡ ತರೀಕೆರೆ ಅಡಕೆಯ ತೋಟಗಳದು. ಅಮೃತಮಹಲ್ ರಾಸುಗಳ ತಳಿ ಸಂವರ್ಧನ ಕೇಂದ್ರದಿಂದ ಹೆಸರಾದ ಅಜ್ಜಂಪುರ, ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾದ ಊರು. ಈ ಸೀಮೆಗೆ ಯಂತ್ರೋದ್ಯಮದ ಶಿಸ್ತು ಹೊಸತೇನೂ ಅಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಅದಕ್ಕೆ ಅದಿರು ಒದಗಿಸುತ್ತಿದ್ದ ಕೆಮ್ಮಣ್ಣುಗುಂಡಿಯ ಗಣಿಯೂ ಇಲ್ಲಿನ ಗಂಡಸರಿಗೆ ಪಾಳಿ, ಸೈರನ್ನು, ಹಾಜರಿ ಪುಸ್ತಕಗಳ ಪರಿಚಯವನ್ನು ತಲೆಮಾರುಗಳ ಹಿಂದೆಯೇ ಮಾಡಿಕೊಟ್ಟಿದ್ದವು. ಆ ಗಣಿ ಮುಚ್ಚಿತು, ಭದ್ರಾವತಿಯ ಕಾಗದದ ಕಾರ್ಖಾನೆ ನಿಂತಿತು, ಕಬ್ಬಿಣದ ಕಾರ್ಖಾನೆ ಕ್ಷೀಣಿಸಿತು. ಮನೆಯ ಗಂಡಸು ತರುತ್ತಿದ್ದ ಖಾಯಂ ಸಂಬಳ ಅಡಗಿದ ಮೇಲೆ ಹೆಂಗಸು ಗಾರ್ಮೆಂಟ್ಸಿಗೆ ಹೊರಟಳು. ಬಟ್ಟೆಯ ವ್ಯಾಪಾರಕ್ಕೆ ದೇಶದೇಶಗಳ ನಡುವೆ ಕೋಟಾ ವಿಧಿಸಿದ್ದ ಒಪ್ಪಂದವು 2005ರ ಜನವರಿ 1ರಂದು ಪೂರ್ತಿಯಾಗಿ ಕೊನೆಗೊಂಡು ರಫ್ತು ವಿಸ್ತಾರಗೊಂಡದ್ದು, ರಾಜ್ಯದ ಜವಳಿ ನೀತಿಗಳು ಬೆಂಗಳೂರಿನ ಹೊರಗಣ ಜಿಲ್ಲೆಗಳಲ್ಲಿ ಘಟಕ ತೆರೆಯುವವರಿಗೆ ಸಹಾಯಧನ ನೀಡಿದ್ದು, ಇವೆರಡೂ ಈ ಪ್ರಸ್ಥಾನಕ್ಕೆ ಅನುಕೂಲವಾಗಿ ಒದಗಿದವು. ಕಡೂರು, ಬೀರೂರುಗಳಲ್ಲಿ ರೈಲು ಹತ್ತಿದವಳಿಗೆ ಬೆಂಗಳೂರಿನ ಪೀಣ್ಯವೂ ಹೊಸೂರು ರಸ್ತೆಯೂ ಕೆಲವೇ ಗಂಟೆಗಳ ದಾರಿ. ತರೀಕೆರೆಯವಳಿಗೆ ಭದ್ರಾವತಿಯಿಂದಾಚೆ ಶಿವಮೊಗ್ಗದ ಹಾದಿಯಲ್ಲೇ ಸಿಗುವ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಇನ್ನೂ ಹತ್ತಿರ.

ಆದರೆ ಭದ್ರಾವತಿಯ ಕುಲುಮೆಯ ಶಿಸ್ತಿಗೂ ಹೊಲಿಗೆಯ ಲೈನಿನ ಶಿಸ್ತಿಗೂ ಒಂದು ಮೂಲಭೂತ ವ್ಯತ್ಯಾಸವುಂಟು. ಕುಲುಮೆಯ ಬಳಿ ಕಾಲವನ್ನು ಗೊತ್ತುಮಾಡುತ್ತಿದ್ದುದು ಕಾಯುವ ಲೋಹ. ಲೈನಿನಲ್ಲಿ ಅದನ್ನು ಗೊತ್ತುಮಾಡುವುದು ಟಾರ್ಗೆಟ್ಟು. ಅದರ ಲೆಕ್ಕ ಹೀಗೆ ನಡೆಯುತ್ತದೆ. ಒಂದು ಅಂಗಿಯ ಹೊಲಿಗೆಯನ್ನು ಕಾಲರು, ಕಫ್ಫು, ತೋಳು, ಪಕ್ಕದ ಹೊಲಿಗೆ ಎಂದು ಹಲವು ತುಂಡುಕೆಲಸಗಳಾಗಿ ಒಡೆದು, ಒಂದೊಂದಕ್ಕೂ ತಗಲುವ ಕಾಲವನ್ನು ನಿಮಿಷದ ಭಿನ್ನರಾಶಿಯಲ್ಲಿ ನಿಗದಿಮಾಡುತ್ತಾರೆ. 0.6 ನಿಮಿಷದ ಕೆಲಸಕ್ಕೆ ಗಂಟೆಗೆ 100 ಪೀಸು, ಎಂಟು ಗಂಟೆಗೆ 800. ನೀರು ಕುಡಿಯಲು ಐದು ನಿಮಿಷ ಎದ್ದವಳು ಎಂಟು ಪೀಸು ಹಿಂದೆ ಬೀಳುತ್ತಾಳೆ. ದಾರ ಹರಿದರೆ, ಸೂಜಿ ಮುರಿದರೆ, ಬಂಡಲ್ಲು ತಡವಾಗಿ ಬಂದರೆ, ಪಕ್ಕದವಳು ರಜೆ ಹಾಕಿದರೆ, ಆ ಕೊರತೆಯನ್ನೂ ಅವಳೇ ತುಂಬಬೇಕು. ಗಂಟೆಗೊಮ್ಮೆ ರೈಟರ್ ಬಂದು ಸಂಖ್ಯೆ ಬರೆದುಕೊಳ್ಳುತ್ತಾನೆ, ಲೈನಿನ ತುದಿಯ ಹಲಗೆಯ ಮೇಲೆ ಅದು ಎಲ್ಲರಿಗೂ ಕಾಣುವಂತೆ ಏರುತ್ತದೆ. ಸಂಖ್ಯೆ ಕಡಮೆಯಾದರೆ ಸೂಪರ್‌ವೈಸರನನ್ನು ಫ್ಲೋರ್ ಇನ್‌ಚಾರ್ಜ್ ಗದರಿಸುತ್ತಾನೆ, ಅವನನ್ನು ಪ್ರೊಡಕ್ಷನ್ ಮ್ಯಾನೇಜರು, ಅವನನ್ನು ಶಿಪ್‌ಮೆಂಟಿನ ತಾರೀಕು. ಆ ತಾರೀಕು ತಪ್ಪಿದರೆ ಹಡಗಿನಲ್ಲಿ ಹೋಗಬೇಕಾದ ಸರಕನ್ನು ವಿಮಾನದಲ್ಲಿ ಕಳುಹಿಸುವ ವೆಚ್ಚವನ್ನು ಅನೇಕ ವೇಳೆ ಕಾರ್ಖಾನೆಯೇ ಹೊರಬೇಕಾಗುತ್ತದೆ. ಬೆಲೆಯನ್ನೂ ಅವಧಿಯನ್ನೂ ಗೊತ್ತುಮಾಡಿದ ಬ್ರ್ಯಾಂಡಿನವರಿಗೆ ಈ ಗದರಿಕೆಯ ಒಂದು ಸದ್ದೂ ಕೇಳಿಸುವುದಿಲ್ಲ. ಏತದ ಹಗ್ಗವನ್ನು ಒಂದು ತುದಿಯಲ್ಲಿ ಎಳೆದವನಿಗೆ ಮತ್ತೊಂದು ತುದಿಯ ಭಾರ ತಿಳಿಯುತ್ತದೆ. ಈ ಹಗ್ಗದಲ್ಲಿ ಮಾತ್ರ ಮೇಲಿನವನಿಗೆ ಭಾರವೇ ತಿಳಿಯದಂತೆ ವ್ಯವಸ್ಥೆ ಮಾಡಿದೆ.

ಹೀಗೆಂದು ಸೂಪರ್‌ವೈಸರನ ದುರ್ವರ್ತನೆಯನ್ನು ಕ್ಷಮಿಸಲಾಗದು. ಲೈನಿನಲ್ಲಿ ಕುಳಿತವರು ಹೆಂಗಸರು, ಬೈಯುವ ಅಧಿಕಾರವುಳ್ಳವರು ಹೆಚ್ಚಾಗಿ ಗಂಡಸರು ಎಂಬ ಸ್ಥಿತಿಯಲ್ಲಿ ಗದರಿಕೆ ಕೆಲಸದ ಮಿತಿಯಲ್ಲಿ ನಿಲ್ಲದೆ, ಅವಳ ಕುಲ, ನಡತೆ, ಸಂಸಾರಗಳವರೆಗೆ ಹರಿಯುತ್ತದೆ. ಹಾಗೆ ಹರಿದಾಗ ಅದು ಉತ್ಪಾದನೆಯ ಒತ್ತಡವಾಗಿ ಉಳಿಯದೆ ಆ ವ್ಯಕ್ತಿಯ ಸ್ವಂತ ಅಪರಾಧವಾಗುತ್ತದೆ. ಒತ್ತಡದ ಮೂಲ ಮೇಲಿದೆಯೆಂಬ ಮಾತನ್ನು ಕೆಳಗಿನವನ ಅಪರಾಧಕ್ಕೆ ಮರೆಯಾಗಿ ಬಳಸಕೂಡದು.

ಇನ್ನು ನಿಭಾವಣೆಯ ಕ್ರಮಗಳು. ಮೊದಲನೆಯದೂ ಅತಿವ್ಯಾಪಕವೂ ಆದುದು ಮೌನ. ತಲೆತಗ್ಗಿಸಿ ಕೇಳಿಸಿಕೊಳ್ಳುವುದು, ಸಾರ್ ಎನ್ನುವಲ್ಲಿ ಅಣ್ಣ ಎಂದು ಕರೆದು ಅವನಲ್ಲಿ ಸಂಬಂಧದ ಸಂಕೋಚವನ್ನು ಎಬ್ಬಿಸುವುದು, ಬೇಗ ಮುಗಿಸಿದವಳು ಹಿಂದೆ ಬಿದ್ದವಳ ಬಂಡಲ್ಲಿನಲ್ಲಿ ನಾಲ್ಕು ಪೀಸು ಕದ್ದು ಹೊಲಿದುಕೊಡುವುದು: ಇವು ಬಲಹೀನರ ಆಯುಧಗಳೆಂದು ಜೇಮ್ಸ್ ಸ್ಕಾಟ್ 1985ರ ತಮ್ಮ ಗ್ರಂಥದಲ್ಲಿ ಮಲೇಷಿಯಾದ ಹಳ್ಳಿಯೊಂದರ ಬೇಸಾಯಗಾರರನ್ನು ಕುರಿತು ವಿವರಿಸಿದ ಬಗೆಗೆ ಸೇರಿದವು. ಕಡೆಯದಾದ ಪರಸ್ಪರ ಸಹಾಯವಂತೂ ಅತ್ಯಂತ ಉದಾತ್ತವಾದುದು. ಆದರೆ ಅದೇ ಮೌನದ ಪಟ್ಟಿಯಲ್ಲಿ ಇನ್ನೊಂದು ಅಭ್ಯಾಸವೂ ಇದೆ: ಶೌಚಾಲಯಕ್ಕೆ ಏಳಬೇಕಾಗುವುದೆಂಬ ಭಯದಿಂದ ದಿನವಿಡೀ ನೀರು ಕುಡಿಯದೆ ಇರುವುದು. ಅದರಿಂದ ಬರುವ ಮೂತ್ರದ ಸೋಂಕು ಗಾರ್ಮೆಂಟ್ಸಿನ ಹೆಂಗಸರಲ್ಲಿ ಸರ್ವಸಾಧಾರಣವಾದ ತೊಂದರೆ. ಇದನ್ನು ಸಹನೆಯೆಂದು ಹೊಗಳುವ ಬರಹಗಳನ್ನು ಓದಿದಾಗ ನನಗೆ ವ್ಯಥೆಯಾಗುತ್ತದೆ. ಮೇಲಿನಿಂದ ಬಂದ ಒತ್ತಡವನ್ನು ಅವಳು ಎಲ್ಲಿಗೂ ಹಿಂದಿರುಗಿಸಲಾರದೆ ತನ್ನ ದೇಹದಲ್ಲೇ ಇರಿಸಿಕೊಂಡಳೆಂಬುದಷ್ಟೇ ಅದರ ಅರ್ಥ.

ಎರಡನೆಯ ಕ್ರಮ ಬಿಟ್ಟುಹೋಗುವುದು. ಹೊಲಿಗೆ ಬಲ್ಲವಳಿಗೆ ಮತ್ತೊಂದು ಗೇಟು ತೆರೆದೇ ಇರುತ್ತದಾದುದರಿಂದ, ಸೂಪರ್‌ವೈಸರನೊಡನೆ ಜಗಳವಾದ ತಿಂಗಳೇ ಸೆಟ್ಲ್‌ಮೆಂಟ್ ತೆಗೆದುಕೊಂಡು ಬೇರೆ ಕಂಪನಿಗೆ ಸೇರುವುದು ಬೆಂಗಳೂರಿನಲ್ಲಿ ರೂಢಿ. ಆದರೆ ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಅವಿಚ್ಛಿನ್ನ ಸೇವೆ ಬೇಕೆಂಬ ನಿಯಮದಿಂದ, ಹೀಗೆ ಅಲೆಯುವವಳು ಪ್ರತಿ ಸಲವೂ ತನ್ನ ಸೇವೆಯ ಫಲವನ್ನು ಬಿಟ್ಟುಕೊಡುತ್ತಾಳೆ. ಕಡೂರು ಸೀಮೆಯಂಥ ಕಡೆ ಈ ದಾರಿಯೂ ಇಕ್ಕಟ್ಟಾದುದು: ಊರಿನಿಂದ ಹೋಗಿಬರುವಷ್ಟು ದೂರದಲ್ಲಿ ಕಾರ್ಖಾನೆಗಳು ವಿರಳ, ಸ್ವಸಹಾಯ ಸಂಘದ ಸಾಲದ ಕಂತು ಮಾತ್ರ ವಾರವಾರವೂ ತಪ್ಪದೆ ಬರುತ್ತದೆ. ಟೆಪ್ಪರರು ಹೇಳಿದ ಕಿರಿದಾದ ದಾರಿ ಇದೇ. ಜಿಲ್ಲೆಗಳಿಗೆ ಕಾರ್ಖಾನೆ ಬಂದುದರಿಂದ ಹೆಂಗಸರು ಮನೆಯ ಹತ್ತಿರ ಉಳಿದರೆಂಬ ಸಂತೋಷದ ನಡುವೆ, ಒಬ್ಬನೇ ಉದ್ಯೋಗದಾತನಿರುವ ಕಡೆ ಅವನ ಮೇಲ್ವಿಚಾರಕನ ಬಲ ಇಮ್ಮಡಿಯಾಗುವುದೆಂಬ ಅಂಶವನ್ನು ನೀತಿಕಾರರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿತ್ತು. 2023ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ದೊರೆತ ಉಚಿತ ಪ್ರಯಾಣವು, ತುಸು ದೂರದ ಗೇಟನ್ನೂ ಅವಳ ಕೈಗೆಟುಕಿಸುವುದರಿಂದ, ಪರೋಕ್ಷವಾಗಿ ಈ ಬಲವನ್ನು ಕೊಂಚ ತಗ್ಗಿಸಬಲ್ಲುದು.

ಮೂರನೆಯ ಕ್ರಮ ಮಾತಾಡುವುದು. ಮಾತಾಡಲು ಅವಕಾಶವಿದ್ದರೆ ಬಿಟ್ಟುಹೋಗುವವರು ಕಡಮೆಯಾಗುತ್ತಾರೆಂಬ ಆಲ್ಬರ್ಟ್ ಹರ್ಷ್‌ಮನ್ನರ 1970ರ ಸಿದ್ಧಾಂತಕ್ಕೆ ನಮ್ಮ ದೇಶದ ಉಡುಪಿನ ಕಾರ್ಖಾನೆಗಳಲ್ಲಿಯೇ ಪರೀಕ್ಷೆ ನಡೆದಿದೆ. ಅಚ್ಯುತ ಅಧ್ವರ್ಯು, ತೆರೇಸಾ ಮೊಲೀನಾ, ಅನಂತ್ ನೈಷಧಂ ಇವರು ಶಾಹಿ ಎಕ್ಸ್‌ಪೋರ್ಟ್ಸ್ ಸಂಸ್ಥೆಯಲ್ಲಿ, ವೇತನ ಏರಿಕೆ ನಿರೀಕ್ಷೆಗಿಂತ ಕಡಮೆಯಾದ ಸಂದರ್ಭದಲ್ಲಿ, ಕೆಲವರಿಗೆ ಹೆಸರು ಹೇಳದೆ ತಮ್ಮ ಕೆಲಸ, ಮೇಲ್ವಿಚಾರಕ, ಸಂಬಳಗಳ ಬಗ್ಗೆ ಅಭಿಪ್ರಾಯ ತಿಳಿಸಲು ಅವಕಾಶ ಕೊಟ್ಟರು. ಹಾಗೆ ತಿಳಿಸಿದವರಲ್ಲಿ ಕೆಲಸ ಬಿಡುವ ಪ್ರವೃತ್ತಿ ಸುಮಾರು ಶೇಕಡ 20ರಷ್ಟು ತಗ್ಗಿತು. ಇಂಥ ಅಧ್ಯಯನಗಳು ಕಂಪನಿಯ ಸಹಕಾರದಿಂದ ನಡೆದವಾದುದರಿಂದ ಅವುಗಳ ತಕ್ಕಡಿಯಲ್ಲಿ ತೂಗುವುದು ಬಹುಮಟ್ಟಿಗೆ ಕಂಪನಿಯ ಲಾಭ. ಆದರೂ ಅವುಗಳಿಂದ ಹೊರಟ ಫಲಿತಾಂಶ ಅಮೂಲ್ಯವಾದುದು: ಕೇಳುವ ಕಿವಿಯೊಂದು ಇದೆಯೆಂಬ ನಂಬಿಕೆಯೇ ನೋವನ್ನು ತಗ್ಗಿಸುವುದಾದರೆ, ಆ ಕಿವಿಗೆ ಕೇಳಿದುದನ್ನು ನಡೆಸಿಕೊಡುವ ಅಧಿಕಾರವೂ ಇದ್ದಾಗ ಪರಿಣಾಮ ಇನ್ನೆಷ್ಟಿರಬಹುದು?

ಅಧಿಕಾರವುಳ್ಳ ಮಾತು ಕೂಡಿ ಆಡಿದ ಮಾತು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷ ವಯಸ್ಸಾಗುವವರೆಗೆ ತೆಗೆಯಕೂಡದೆಂದು ಹೊರಡಿಸಿದ ಅಧಿಸೂಚನೆಯನ್ನು ವಿರೋಧಿಸಿ, ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಗಾರ್ಮೆಂಟ್ಸಿನ ಹೆಂಗಸರು, ಯಾವ ಸಂಘದ ಕರೆಯೂ ಇಲ್ಲದೆ, ಸಹಸ್ರ ಸಹಸ್ರವಾಗಿ ಬೀದಿಗಿಳಿದರು. 19ರಂದೇ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಗಂಟೆಗೊಮ್ಮೆ ಗದರಿಸಿಕೊಂಡು ತಲೆತಗ್ಗಿಸಿದವರೇ ಇವರು. ಸೂಪರ್‌ವೈಸರನಿಗೆ ಎದುರಾಡದವಳು ದೆಹಲಿಗೆ ಎದುರಾಡಿದಳೆಂಬುದು ಮೇಲುನೋಟಕ್ಕೆ ಸೋಜಿಗವಾದರೂ, ಪಿ.ಎಫ್. ಹಣವೇ ಅವಳು ಕೆಲಸ ಬಿಡುವ ಧೈರ್ಯಕ್ಕೆ ಆಧಾರವಾಗಿತ್ತೆಂಬುದನ್ನು ನೆನೆದರೆ ಕಾರಣ ಸ್ಪಷ್ಟವಾಗುತ್ತದೆ: ಆ ಅಧಿಸೂಚನೆ ಅವಳ ಬಿಡುಗಡೆಯ ಬಾಗಿಲಿಗೆ ಬೀಗ ಹಾಕಲು ಬಂದಿತ್ತು. ಈ ಬಗೆಯ ಕೂಟದ ಪ್ರತಿಭಟನೆಗೆ ಈ ನಾಡಿನಲ್ಲಿ ಹಳೆಯ ಬೇರುಗಳುಂಟು. 1830-31ರ ನಗರ ಸೀಮೆಯ ದಂಗೆಯಲ್ಲಿ ಕಂದಾಯದ ಅಧಿಕಾರಿಗಳ ಜುಲುಮೆಗೆ ಎದುರಾಗಿ ರೈತರು ಕೂಟಗಳನ್ನು ಕಟ್ಟಿದಾಗ, ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಆ ದಂಗೆಯಲ್ಲಿ ಸೇರಿದ್ದನು.

ಎರಡು ದಿನದ ಆವೇಶ ಸಂಘವಾಗಿ ನೆಲೆಗೊಳ್ಳುವುದು ಕಷ್ಟಸಾಧ್ಯ. 2018ರಲ್ಲಿ ಬೆಂಗಳೂರಿನ ಶಾಹಿ ಘಟಕವೊಂದರಲ್ಲಿ ಬೇಡಿಕೆಗಳನ್ನು ಮುಂದಿಟ್ಟವರ ಮೇಲೆ ದೌರ್ಜನ್ಯ ನಡೆದು, ಅಂತರರಾಷ್ಟ್ರೀಯ ತನಿಖೆಯಾದ ಮೇಲೆ ಕೆಲಸದಿಂದ ಹೊರಗಿಟ್ಟವರನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಘಟಕ ಮುಚ್ಚಿ ಸಾವಿರದ ಇನ್ನೂರರಷ್ಟು ಮಂದಿ ಕೆಲಸ ಕಳೆದುಕೊಂಡಾಗ ಅಲ್ಲಿನ ಹೆಂಗಸರು ವಾರಗಟ್ಟಲೆ ಧರಣಿ ಕುಳಿತರು. 2021ರ ಆದಿಯಲ್ಲಿ ಸಂಘದೊಡನೆ ಕಂಪನಿ ಒಪ್ಪಂದಕ್ಕೆ ಬಂದಿತು. ಇವೆರಡರಲ್ಲಿಯೂ ಮಾತು ಬ್ರ್ಯಾಂಡಿನವರೆಗೆ ಮುಟ್ಟಿದ ಮೇಲೆಯೇ ಕೆಳಗಿನ ಕಾಠಿನ್ಯ ಸಡಿಲಿದುದನ್ನು ಗಮನಿಸಬೇಕು. ನೆರೆಯ ತಮಿಳುನಾಡಿನಲ್ಲಿ ಇದು ಲಿಖಿತ ನಿಯಮವಾಗಿಯೇ ಬಂದಿದೆ. ದಿಂಡಿಗಲ್ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ತರುಣಿಯೊಬ್ಬಳ ಕೊಲೆಯಾದ ಮೇಲೆ 2022ರಲ್ಲಿ ಏರ್ಪಟ್ಟ ಒಪ್ಪಂದದ ಪ್ರಕಾರ, ಲೈನಿನ ಹೆಂಗಸರಲ್ಲೇ ತರಬೇತಿ ಪಡೆದ ಮೇಲುನೋಟಗಾರ್ತಿಯರು ದುರ್ವರ್ತನೆಯನ್ನು ವರದಿಮಾಡಬೇಕೆಂದಾಯಿತು. ಕಾರ್ಖಾನೆ ನಿಯಮ ಮುರಿದರೆ ವ್ಯಾಪಾರದ ಮೇಲೆಯೇ ಅದರ ಪರಿಣಾಮವಾಗುವಂತೆ ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಸಂಸ್ಥೆಗಳು ಬದ್ಧವಾದವು. ಸೂಪರ್‌ವೈಸರನ ನಾಲಗೆಗೂ ಕೊಳ್ಳುಗನ ಆರ್ಡರಿಗೂ ಕಾನೂನಿನ ಗಂಟು ಬಿದ್ದುದು ಇಲ್ಲಿ. ಕರ್ನಾಟಕದ ಸಂಘಗಳು ಮೊದಲು ಕೇಳಬೇಕಾದುದು ಇಂಥ ಒಪ್ಪಂದವನ್ನೇ ಎಂದು ನಾನು ಬಲವಾಗಿ ನಂಬುತ್ತೇನೆ.

ಕಾರ್ಖಾನೆಯ ಕಾಠಿನ್ಯದಿಂದ ಬೇಸತ್ತು ಊರಿಗೆ ಮರಳಿ ಟೈಲರಿಂಗ್ ಅಂಗಡಿಗಳಲ್ಲಿ ಬ್ಲೌಸ್ ಹೊಲಿಯುವವರನ್ನೂ, ಮನೆಯಲ್ಲಿ ಕುಳಿತು ಸೀರೆಗೆ ಕುಚ್ಚು ಕಟ್ಟುವವರನ್ನೂ ಈ ವಿಚಾರದಿಂದ ಹೊರಗಿಡಲಾಗದು. ಇಲ್ಲಿ ರೈಟರೂ ಇಲ್ಲ, ಹಲಗೆಯೂ ಇಲ್ಲ, ಹಾಗೆಯೇ ಇ.ಎಸ್.ಐ., ಪಿ.ಎಫ್.ಗಳೂ ಇಲ್ಲ, ದೂರು ಹೇಳಲು ಸಂಘವೂ ಇಲ್ಲ. ಎರಡು ಮೂರು ಹುಡುಗಿಯರಿರುವ ಅಂಗಡಿಯಲ್ಲಿ ಮಾಲೀಕನೇ ಸೂಪರ್‌ವೈಸರು, ಅವನೇ ಮ್ಯಾನೇಜರು. ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ಹತ್ತು ಮಂದಿಗಿಂತ ಕಡಮೆ ದುಡಿಯುವ ಇಂಥ ಸ್ಥಳಗಳಿಗಾಗಿಯೂ, ಮಾಲೀಕನ ಮೇಲೆಯೇ ದೂರು ಇರುವ ಸಂದರ್ಭಕ್ಕಾಗಿಯೂ, ಜಿಲ್ಲೆಗೊಂದು ಸ್ಥಳೀಯ ಸಮಿತಿಯನ್ನು ವಿಧಿಸಿದೆ. ಗ್ರಾಮಾಂತರದಲ್ಲಿ ಪ್ರತಿ ತಾಲ್ಲೂಕಿಗೂ ಒಬ್ಬ ನೋಡಲ್ ಅಧಿಕಾರಿ ದೂರನ್ನು ಸ್ವೀಕರಿಸಿ ಏಳು ದಿನದೊಳಗೆ ಆ ಸಮಿತಿಗೆ ಕಳುಹಿಸಬೇಕೆಂದೂ, ಬರೆಯಲಾರದವಳಿಗೆ ಬರೆಯಲು ನೆರವು ನೀಡಬೇಕೆಂದೂ ಹೇಳಿದೆ. ಅಜ್ಜಂಪುರ ತಾಲ್ಲೂಕಾದ ಮೇಲೆ ಅಲ್ಲಿನ ಹೆಂಗಸು ದೂರು ಕೊಡಲು ತರೀಕೆರೆಗೆ ಹೋಗಬೇಕಾದ ಅಗತ್ಯ ಕಾಯಿದೆಯ ಪ್ರಕಾರ ಉಳಿದಿಲ್ಲ. ಆ ಅಧಿಕಾರಿಯ ಹೆಸರೂ ಕಚೇರಿಯೂ ಮೂರು ಊರುಗಳ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ, ಕೆಲಸಕ್ಕೆ ಹೊರಡುವವಳ ಕಣ್ಣಿಗೆ ಬೀಳುವ ಎತ್ತರದಲ್ಲಿ, ಕನ್ನಡದಲ್ಲಿ ಬರೆದಿರಬೇಕು.