ಕಪ್ಪು ಬಿಯರಿನಲ್ಲಿ ಕಡಲ ಚಿಪ್ಪು

ದಸರೆಯ ಕಾರ್ಣಿಕವನ್ನು ಚಿತ್ರೀಕರಿಸಲು ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋಗಿದ್ದೆವು. ಮಾಲತೇಶನ ಭಂಡಾರ ಹಚ್ಚಿಕೊಂಡು ನಮ್ಮ ತಂಡದವರೆಲ್ಲರ ಕೈ ಹಳದಿಯಾಗಿತ್ತು. ಗೊರವಪ್ಪ ಒಬ್ಬರು ಪ್ರೀತಿಯಿಂದ ಎಲೆ-ಅಡಿಕೆ ಕೊಟ್ಟರು. ಎಲೆಗೆ ಸುಣ್ಣ ಸವರಿದ ನನ್ನ ಬೆರಳು ನೋಡನೋಡುತ್ತಿದ್ದಂತೆ ಕೆಂಪಾಯಿತು. "ಭಂಡಾರದ ಮುಂದ ಸುಣ್ಣ ಮುಚ್ಚಿಡಾಕ ಬರಂಗಿಲ್ರೀ ಸಾಹೇಬ್ರ" ಎಂದು ಅಜ್ಜ ನಕ್ಕರು.

ವಿಜ್ಞಾನ ಓದಿದವರಿಗೆ ಇದು ಹೊಸತಲ್ಲ. ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕ್ಷಾರ ತಾಗಿದೊಡನೆ ಕೆಂಪಾಗುತ್ತದೆ. ಹುದುಗು ಪಾನೀಯಗಳ ಚರಿತ್ರೆಯ ಕುರಿತ ಭಾಷಣಕ್ಕಾಗಿ ಟಿಪ್ಪಣಿ ಮಾಡಿಕೊಳ್ಳುವಾಗ ಅಜ್ಜನ ಆ ಮಾತು ಮತ್ತೆ ನೆನಪಾಯಿತು. ಇಂಗ್ಲೆಂಡಿನಲ್ಲಿ 'ಆಯ್‌ಸ್ಟರ್ ಸ್ಟೌಟ್' ಎಂಬ ಕಪ್ಪು ಬಿಯರ್ ಇದೆ. ಆಯ್‌ಸ್ಟರ್ ಎಂದರೆ ಕಡಲ ಸಿಂಪಿ, ಚಿಪ್ಪಿನೊಳಗಿನ ಜೀವಿ. ಬಾರ್ಲಿಯ ಪಾನೀಯಕ್ಕೆ ಸಿಂಪಿ ಹೇಗೆ ಬಂತು?

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಹಮಾಲರ ನೆಚ್ಚಿನ ಪಾನೀಯವಾಗಿದ್ದುದು ಪೋರ್ಟರ್ ಎಂಬ ಕಂದು ಬಿಯರ್. ಹಮಾಲರಿಗೆ ಇಂಗ್ಲಿಷಿನಲ್ಲಿರುವ ಹೆಸರೇ ಅದಕ್ಕೂ ಅಂಟಿಕೊಂಡಿತು. ಅದರಲ್ಲಿ ಹೆಚ್ಚು ಗಟ್ಟಿಯಾದುದು ಸ್ಟೌಟ್. 1817ರಲ್ಲಿ ಡೇನಿಯಲ್ ವ್ಹೀಲರ್ ಮೊಳಕೆ ಧಾನ್ಯವನ್ನು ಕಪ್ಪಾಗಿ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಅದರ ಬಣ್ಣ ಇನ್ನಷ್ಟು ಕಪ್ಪಾಯಿತು. ಪೋರ್ಟರನ್ನು ಭಾರಿ ಮರದ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ಹದಗೊಳಿಸುತ್ತಿದ್ದರು. ಆ ತೊಟ್ಟಿಗಳು ಎಷ್ಟು ದೊಡ್ಡವೆಂದರೆ, 1814ರ ಅಕ್ಟೋಬರ್ 17ರಂದು ಲಂಡನ್ನಿನಲ್ಲಿ ಒಂದು ತೊಟ್ಟಿ ಒಡೆದು ಹರಿದ ಬಿಯರಿನ ಪ್ರವಾಹಕ್ಕೆ ಎಂಟು ಜನ ಬಲಿಯಾದರು.

ಬಹುಕಾಲ ಇಟ್ಟ ಬಿಯರ್ ಹುಳಿಯಾಗುತ್ತದೆ. ಅದನ್ನು ಚೆಲ್ಲಿದರೆ ನಷ್ಟ. ಆಗ ನೆರವಿಗೆ ಬಂದದ್ದು ಸಿಂಪಿಯ ಚಿಪ್ಪು. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಪುಡಿಯನ್ನು ಹುಳಿ ಬಿಯರಿಗೆ ಹಾಕಿದರೆ ಆಮ್ಲದೊಡನೆ ಸೇರಿ ಇಂಗಾಲಾಮ್ಲ ಅನಿಲ ಹೊರಬರುತ್ತದೆ, ಹುಳಿ ತಗ್ಗುತ್ತದೆ. ಚಿಪ್ಪಿಗಂತೂ ಬರವಿರಲಿಲ್ಲ. ಆಗ ಲಂಡನ್ನಿನಲ್ಲಿ ಸಿಂಪಿ ಬಡವರ ಆಹಾರ. ಡಿಕನ್ಸ್ 1836-37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯ ಪಾತ್ರವೊಂದು ಬಡತನ ಮತ್ತು ಸಿಂಪಿಯ ಜೋಡಿಯನ್ನು ಹಾಸ್ಯ ಮಾಡುತ್ತದೆ. ಒಂದು ಕೈಯಲ್ಲಿ ಪೋರ್ಟರ್, ಇನ್ನೊಂದರಲ್ಲಿ ಸಿಂಪಿ; ಇದು ದುಡಿಯುವವರ ಊಟವಾಗಿತ್ತು.

ನಮ್ಮ ಕರಾವಳಿಯವರಿಗೂ ಚಿಪ್ಪಿನ ಈ ಗುಣ ತಿಳಿದಿತ್ತು. ಅಲ್ಲಿ ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ನೀರಾ ಇಳಿಸುವವರು ಮಡಕೆಯ ಒಳಮೈಗೆ ಸುಣ್ಣ ಬಳಿಯುತ್ತಾರೆ. ಕ್ಷಾರದಲ್ಲಿ ಯೀಸ್ಟ್ ಬೆಳೆಯಲಾರದು, ಆದ್ದರಿಂದ ಸಿಹಿರಸ ಹುಳಿತು ಹೆಂಡವಾಗುವುದಿಲ್ಲ. ಲಂಡನ್ನಿನವರು ಬಂದ ಹುಳಿಯನ್ನು ಚಿಪ್ಪಿನಿಂದ ತಗ್ಗಿಸಿದರು. ನಮ್ಮವರು ಹುಳಿ ಬರುವ ಮೊದಲೇ ತಡೆದರು.

ಬಿಯರಿಗೆ ಕಡಲಿನಿಂದ ಬಂದ ಇನ್ನೊಂದು ವಸ್ತು ಮೀನಿನ ಗಾಳಿಚೀಲ. ಅದನ್ನು ಒಣಗಿಸಿ ಮಾಡಿದ ಅಂಟಿನಂಥ ಪದಾರ್ಥ ಯೀಸ್ಟಿನ ಕಣಗಳನ್ನು ಹಿಡಿದು ತಳಕ್ಕಿಳಿಸಿ ಬಿಯರನ್ನು ತಿಳಿಯಾಗಿಸುತ್ತದೆ. ಮೊದಲು ರಷ್ಯಾದ ಸ್ಟರ್ಜನ್ ಮೀನಿನಿಂದ ಬರುತ್ತಿದ್ದ ಇದಕ್ಕೆ ಬದಲಾಗಿ ಕಾಡ್ ಮೀನಿನದನ್ನು ಬಳಸುವ ವಿಧಾನವನ್ನು 1795ರಲ್ಲಿ ರೂಪಿಸಿದವರು, ಅನಿಲದೀಪದಿಂದ ಹೆಸರಾದ ವಿಲಿಯಂ ಮರ್ಡಾಕ್. ಭಾರತದ ಕರಾವಳಿಯಲ್ಲಿ ಇದನ್ನು ತಯಾರಿಸುವ ಬಗ್ಗೆ ಜಾನ್ ಫೋರ್ಬ್ಸ್ ರಾಯ್ಲ್ 1842ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಚಿಪ್ಪಾಗಲಿ ಗಾಳಿಚೀಲವಾಗಲಿ ರುಚಿಗಾಗಿ ಬಂದವಲ್ಲ. ಒಂದು ಹುಳಿಯನ್ನು, ಇನ್ನೊಂದು ಕದಡನ್ನು ನಿವಾರಿಸಲು ಬಂದವು. ಕುಡಿಯುವವನಿಗೆ ಅವುಗಳ ವಿಷಯ ಹೇಳುವ ಪದ್ಧತಿಯೂ ಇರಲಿಲ್ಲ.

ಸಿಂಪಿಯ ಮಾಂಸವೇ ಬಿಯರಿನೊಳಗೆ ಬಿದ್ದದ್ದು ಬಹಳ ತಡವಾಗಿ. ಬಿಯರ್ ಕುರಿತ ಬರಹಗಳಿಂದ ಹೆಸರಾದ ಮೈಕೆಲ್ ಜಾಕ್ಸನ್ ಅವರ ಪ್ರಕಾರ ಅದು ಮೊದಲು 1929ರಲ್ಲಿ ನ್ಯೂಜಿಲೆಂಡಿನಲ್ಲಿ, ಅನಂತರ 1938ರಲ್ಲಿ ಲಂಡನ್ನಿನ ಹ್ಯಾಮರ್ಟನ್ ಕಾರ್ಖಾನೆಯಲ್ಲಿ. ಅಷ್ಟರಲ್ಲಿ ಅತಿಯಾಗಿ ಬಾಚಿದ್ದರಿಂದಲೂ ಕೊಳಕು ನೀರಿನಿಂದಲೂ ಇಂಗ್ಲೆಂಡಿನ ಸಿಂಪಿ ಅಪರೂಪವಾಗಿ, ಸಿರಿವಂತರ ತಟ್ಟೆ ಸೇರಿತ್ತು. ಹಿಂದೆ ಗುಟ್ಟಾಗಿದ್ದುದು ಈಗ ಹೆಮ್ಮೆಯ ಹೆಸರಾಯಿತು. ಮಾರ್ಸ್‌ಟನ್ಸ್ ಕಂಪನಿಯ ಆಯ್‌ಸ್ಟರ್ ಸ್ಟೌಟಿನಲ್ಲಂತೂ ಸಿಂಪಿಯೇ ಇರಲಿಲ್ಲ, ಹೆಸರು ಮಾತ್ರ!

ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಿಯರಿಗೆ ಪರವಾನಗಿಯ ಅಗತ್ಯ ರದ್ದಾಯಿತು. ಅಮೆರಿಕದಲ್ಲಿ 1978ರ ಕಾನೂನು ಅದಕ್ಕೆ ದಾರಿ ಮಾಡಿತು. ಅಲ್ಲಿನ ಹವ್ಯಾಸಿಗಳು ಕುದಿಯುವ ಕಪ್ಪು ರಸಕ್ಕೆ ಕೊನೆಯ ಹತ್ತು-ಹದಿನೈದು ನಿಮಿಷ ತೊಳೆದ ಸಿಂಪಿಯನ್ನು ಚಿಪ್ಪಿನ ಸಮೇತ ಹಾಕಿ ತೆಗೆಯುತ್ತಾರೆ. ಸಿಗುವುದು ತುಸು ಉಪ್ಪಿನಂಶ, ಮೀನಿನ ವಾಸನೆಯಲ್ಲ. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ ಎಂಬುದನ್ನು ಓದುಗರು ಮರೆಯಬಾರದು.

ಸಿಂಪಿ ಒಗ್ಗದವರಿಗೆ ಒಂದು ಗುಟುಕೂ ಅಪಾಯ ತರಬಹುದು. ಸಸ್ಯಾಹಾರಿಗೆ ಮೀನಿನ ಗಾಳಿಚೀಲ ನಂಬಿಕೆಯ ಪ್ರಶ್ನೆ. ಗಿನ್ನೆಸ್ ಕಂಪನಿ ಅದರ ಬಳಕೆಯನ್ನು ಕೈಬಿಡುವುದಾಗಿ ಪ್ರಕಟಿಸಿದ್ದು 2015ರಲ್ಲಿ. ಅಲ್ಲಿಯವರೆಗೆ ತಾವು ಕುಡಿಯುತ್ತಿದ್ದುದು ಬರೀ ಧಾನ್ಯದ ರಸವೆಂದು ತಿಳಿದಿದ್ದವರು ಎಷ್ಟೋ ಜನ. ಕುಡಿಯುವುದು ಬಿಡುವುದು ಅವರವರ ವಿವೇಚನೆ. ಆದರೆ ಲೋಟದಲ್ಲಿ ಏನಿದೆಯೆಂದು ತಿಳಿಯುವುದು ಎಲ್ಲರ ಹಕ್ಕು. ದೇವರಗುಡ್ಡದ ಭಂಡಾರ ನನ್ನ ಬೆರಳಿನ ಸುಣ್ಣವನ್ನು ಒಡನೆಯೇ ತೋರಿಸಿಕೊಟ್ಟಿತು. ಬಿಯರಿನ ವಿಷಯದಲ್ಲಿ ಅಷ್ಟೇ ಸತ್ಯ ಹೊರಬರಲು ಎರಡು ಶತಮಾನಗಳೇ ಬೇಕಾದವು.